ಆಪರೇಷನ್ ಟೇಬಲ್ ಏರೋಕಿಂತ ಮೊದ್ಲ ಹೆಬ್ಬೆರಳು ಮಡಚಿ ತೋರಿಸ್ರಿ

ನಮ್ಮ ತಂಗಿ ಹೆಬ್ಬೆರಳು ಮಡಚಿ ಮುಂಗೈಗೆ ಹಚ್ಚಿ ತೋರಸ್ತಿದ್ಲು, ಹುಬ್ಬಳ್ಳ್ಯಾಗ ಯಾರ ಮದುವಿಗೆ ಹೋದ್ರೂ ಮಂದಿ ಇನ್ನೊಮ್ಮೆ ಮಾಡವಾ ಅಂತ ನಗೋರು. ಮುಂದ ಅಪೆಂಡಿಕ್ಸ್ ಆಪರೇಷನ್ ಆತು, ಪಟ್ಟಿ ಕೀಳುವಾಗ ಚರ್ಮನೂ ಜೋಡಿ ಎದ್ದು ಬಂತು, ಎಂಟನೇ ದಿನ ಹೊಲಿಗಿ ಬಿಚ್ಚಿದ್ರು, ಮರುದಿನನ ಗಾಯ ಬಾಯಿ ಬಿಡ್ತು. ಈಗ ಆ ಕಲಿ ಉಳ್ಳಾಗಡ್ಡಿ ಸಿಪ್ಪಿ ಹಂಗ ತೆಳ್ಳಗ ಐತಿ. ಇದು ಎಹ್ಲರ್ಸ್ ಡ್ಯಾನ್ಲಾಸ್, ಅಂದ್ರ ಚರ್ಮ, ಕೀಲು, ರಕ್ತನಾಳ ಹಿಡದಿಡೋ ಅಂಗಾಂಶ ಹುಟ್ಟಿನಿಂದನ ಸಡಿಲ ಇರೋ ಜಡ್ಡು ಅಂತ ಗೊತ್ತಾಗಿದ್ದು ಆಮ್ಯಾಲ.

ಹಂಗಾಗಿ ಮೊದ್ಲ ಮನಿ ಹಿರ್‍ಯಾರನ್ನ ಕೇಳ್ರಿ. ಸಣ್ಣ ವಯಸ್ಸಿನ್ಯಾಗ ಎದಿ ರಕ್ತನಾಳ ಒಡದು ಸತ್ತೋರು, ಕಣ್ಣಿನ ಲೆನ್ಸ್ ಸರಿದೋರು, ಪದೇ ಪದೇ ಕೀಲು ತಪ್ಪೋರು ಅದಾರೇನು? ಮಾರ್ಫಾನ್ ಅಂತ ಇಂಥದ್ದ ಇನ್ನೊಂದು ವಂಶದ ಜಡ್ಡು ಐತಿ, ಅದು ಇದ್ದೋರ ಪ್ರತಿ ಮಗುವಿಗೂ ಅದು ಬರೋ ಸಾಧ್ಯತಿ 50 ಪರ್ಸೆಂಟ್. ಅದರಾಗ ಮಹಾಧಮನಿ, ಅಂದ್ರ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ, ಹಿಗ್ಗತೈತಿ, ಅದಕ್ಕ ಆಪರೇಷನ್ ಯಾವುದಿದ್ರೂ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಂಡ ಹೋಗ್ರಿ.

ಎಹ್ಲರ್ಸ್ ಡ್ಯಾನ್ಲಾಸ್‌ನ್ಯಾಗ ಬ್ಯಾರೆ ಬ್ಯಾರೆ ನಮೂನಿ ಅದಾವು, ಭಾಳ ಹೆದರಬೇಕಾದ್ದು ರಕ್ತನಾಳದ ನಮೂನಿ. ನಾಳದ ಗೋಡಿಗೆ ಗಟ್ಟಿತನ ಕೊಡೋ 3ನೇ ಟೈಪಿನ ಕೊಲಾಜನ್ ಅನ್ನೋ ಪ್ರೋಟೀನ್ ಸೊರಗಿ ನಾಳ, ಕರುಳು, ಗರ್ಭಕೋಶದ ಗೋಡಿನ ಹರಿಯಬಹುದು, ಅದಕ್ಕ ಕೊಲೊನೊಸ್ಕೋಪಿ (ಕರುಳಾಗ ಕ್ಯಾಮೆರಾ ಬಿಟ್ಟು ನೋಡೋದು), ಆಂಜಿಯೋಗ್ರಾಮ್‌ನಂಥಾವು ಸಹ ತೀರಾ ಅಗತ್ಯ ಇದ್ರ ಅಷ್ಟ. ಪ್ಲೇಟ್‌ಲೆಟ್ ನಾರ್ಮಲ್ ಅಂತ ಸುಮ್ನಾಗಬ್ಯಾಡ್ರಿ, ರಕ್ತ ಸರಿ ಇದ್ರೂ ನಾಳ ಸೋಲತಾವು.

ಅನಸ್ತೇಶಿಯಾ ಡಾಕ್ಟರನ್ನ ಮುಂಚೇನ ಭೆಟ್ಟಿ ಆಗ್ರಿ, ನನ್ನ ಕೇಳಿದ್ರ ಸರ್ಜನ್‌ಗಿಂತ ಇವರ ಹತ್ರನ ಜಾಸ್ತಿ ಮಾತಾಡೋದಿರ್ತೈತಿ. ಹಲ್ಲು ಕೀಳುವಾಗ ಜೋಮಿನ ಇಂಜೆಕ್ಷನ್ ಹತ್ತಿರಲಿಲ್ಲ ಅಂದ್ರ ಅದನ್ನ ಹೇಳ್ರಿ. ಮಾರ್ಫಾನ್‌ನ್ಯಾಗ ಬೆನ್ನುಹುರಿ ಸುತ್ತಿನ ಚೀಲ ಹಿಗ್ಗಿರಬಹುದು, ಆಗ ಬೆನ್ನಿಗೆ ಕೊಡೋ ಇಂಜೆಕ್ಷನ್ ಅರ್ಧಮರ್ಧ ಹತ್ತತೈತಿ. ಕುತ್ತಿಗಿ ಸಡಿಲ ಇದ್ರ ಉಸಿರಾಟಕ್ಕ ಗಂಟಲಾಗ ಪೈಪ್ ಹಾಕುವಾಗ ಹುಷಾರಿ ಬೇಕು. ನಮ್ಮ ತಂಗಿ ಎರಡನೇ ಸಲ ಎಚ್ಚರ ಇದ್ದಾಗನ ಟೇಬಲ್ ಮ್ಯಾಲೆ ಮಲಗಿ ಭುಜ ಎಷ್ಟು ಚಾಚಿದ್ರ ನೋಯಂಗಿಲ್ಲ ಅಂತ ತಾನ ತೋರಿಸಿದ್ಲು.

ಇನ್ನ ಹೊಲಿಗಿ. ಬಿಗಿ ಎಳೀದಂಗ, ಪದರ ಪದರ ಹಾಕಿ ಹೆಚ್ಚು ದಿನ ಬಿಡಾಕ ಕೇಳ್ರಿ. ಆಂಟಿಬಯೋಟಿಕ್ ಚೀಟ್ಯಾಗ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಇದ್ರ ಬ್ಯಾರೆದು ಸಿಗತೈತೇನ್ರಿ ಅಂತ ಕೇಳ್ರಿ, ಮಹಾಧಮನಿ ವಿಷಯದಾಗ ಇವಕ್ಕ 2018ರಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕಿ ಕೊಟ್ಟೈತಿ.

ಪಟ್ಟಿ ಮಾತ್ರ ಚರ್‍ರಂತ ಕೀಳಾಕ ಬಿಡಬ್ಯಾಡ್ರಿ, ಒದ್ದಿ ಮಾಡಿ ಚರ್ಮ ಒತ್ತಿ ಹಿಡದು ಬಿಡಿಸಬೇಕು. ನಮ್ಮಾಕಿ ಈಗ ನರ್ಸ್ ಕೈ ಹಚ್ಚೋದ್ರಾಗನ ಸಾವಕಾಶ್ರೀ ಅಕ್ಕಾ, ಅಂತಾಳ.