ಅತಂತ್ರ ಫಲಿತಾಂಶ ಬಂದಾಗ ಚಿಕ್ಕ ಪಕ್ಷಗಳ ಡೀಲ್ ಅರ್ಥ ಮಾಡ್ಕೊಳ್ಳೋದು ಹೇಗೆ

ಯಾರಿಗೂ ಬಹುಮತ ಇಲ್ಲ ಅಂತ ಗೊತ್ತಾದ ತಕ್ಷಣ ಟಿವಿಯವ್ರು ರೆಸಾರ್ಟ್ ಬಸ್ ಹಿಂದೆ ಓಡ್ತಾರೆ, ಅದನ್ನ ನೋಡ್ತಾ ಕೂತ್ರೆ ಏನೂ ತಿಳಿಯಲ್ಲ. ಒಂದು ಪೇಪರ್ ತಗೊಂಡು ಮ್ಯಾಜಿಕ್ ನಂಬರ್, ಅಂದ್ರೆ ಬಹುಮತಕ್ಕೆ ಬೇಕಾದ ಸೀಟು ಎಷ್ಟು ಅಂತ ಬರೀರಿ, ಕೆಳಗೆ ಎಲ್ರ ಸೀಟು ಬರೀರಿ, ಆಮೇಲೆ ಒಂದೊಂದೇ ಚಿಕ್ಕ ಪಕ್ಷಾನ ಹೊಡೆದಾಕಿ ಇವ್ರಿಲ್ದೆ ಯಾರಾದ್ರೂ ಸರ್ಕಾರ ಮಾಡ್ಬೋದಾ ನೋಡಿ. ಆಗಲ್ಲ ಅಂದ್ರೆ ಮೂರೇ ಸೀಟಿದ್ರೂ ಅವ್ರ ಡಿಮ್ಯಾಂಡ್ ಜೋರು.

2017ರ ಗೋವಾ ತಗೊಳ್ಳಿ. 40 ಸೀಟು, 21 ಬೇಕು, ಕಾಂಗ್ರೆಸ್ 17, ಬಿಜೆಪಿ 13. ಆದ್ರೆ ಅಲ್ಲಿನ ಚಿಕ್ಕ ಪಕ್ಷಗಳಾದ ಗೋವಾ ಫಾರ್ವರ್ಡ್‌ನ 3, ಎಂಜಿಪಿಯ (ಮಹಾರಾಷ್ಟ್ರವಾದಿ ಗೋಮಂತಕ ಪಕ್ಷ) 3 ಮತ್ತೆ ಪಕ್ಷೇತರರು ಬಿಜೆಪಿ ಕಡೆ ಹೋದ್ರು, ಕಂಡೀಷನ್ ಏನಪ್ಪಾ ಅಂದ್ರೆ ಮನೋಹರ್ ಪರಿಕ್ಕರ್ರೇ ಸಿಎಂ ಆಗ್ಬೇಕು. ಕೇಂದ್ರದ ರಕ್ಷಣಾ ಮಂತ್ರಿ ಖಾತೆ ಬಿಟ್ಟು ಪಣಜಿಗೆ ಬಂದ್ರು, ಫ್ಲೋರ್ ಟೆಸ್ಟ್‌ನಲ್ಲಿ, ಅಂದ್ರೆ ಸದನದಲ್ಲಿ ಬಹುಮತ ತೋರಿಸೋ ವೋಟಿಂಗ್‌ನಲ್ಲಿ, 22-16 ಗೆದ್ರು. ದೊಡ್ಡ ಪಕ್ಷ ಅನ್ನೋ ಪಟ್ಟಕ್ಕೆ ಅಷ್ಟೇ ಬೆಲೆ!

ಮುಂದೆ ಖಾತೆ ಹಂಚಿಕೆ ನೋಡಿ. ಎಷ್ಟು ಮಂತ್ರಿಗಿರಿ ಅನ್ನೋದಕ್ಕಿಂತ ಹಣಕಾಸು, ಪಿಡಬ್ಲ್ಯುಡಿ (ಲೋಕೋಪಯೋಗಿ) ಯಾರ ಕೈಗೆ ಹೋಯ್ತು ಅನ್ನೋದು ಮುಖ್ಯ. ಸ್ಪೀಕರ್ ಕುರ್ಚಿ ಮರೀಬೇಡಿ, ಪಕ್ಷ ಬಿಟ್ಟವ್ರ ಅನರ್ಹತೆ ಕೇಸೆಲ್ಲ ಅಲ್ಲೇ ತೀರ್ಮಾನ ಆಗೋದು, 1998ರಲ್ಲಿ ಆಂಧ್ರದ ಟಿಡಿಪಿ ಕೇಂದ್ರದ ಬಿಜೆಪಿ ಸರ್ಕಾರಕ್ಕೆ ಹೊರಗಿಂದ ಬೆಂಬಲ ಕೊಟ್ಟು ತಮ್ಮ ಪಕ್ಷದ ಬಾಲಯೋಗಿಯವ್ರನ್ನ ಲೋಕಸಭೆ ಸ್ಪೀಕರ್ ಮಾಡಿಸ್ಕೊಳ್ತು.

ಜನ ಇಷ್ಟಕ್ಕೇ ನಿಲ್ಲಿಸ್ತಾರೆ, ಆದ್ರೆ ನಿಜವಾದ ಲೆಕ್ಕ ಪ್ರಮಾಣವಚನ ಆದ್ಮೇಲೆ ಶುರು, ಯಾಕಂದ್ರೆ ದೊಡ್ಡ ಪಕ್ಷ ಆವತ್ತಿಂದಾನೇ ಬೇರೆ ದಾರಿ ಹುಡುಕ್ತಿರುತ್ತೆ. ಸಂವಿಧಾನದ ಹತ್ತನೇ ಶೆಡ್ಯೂಲ್, ಅಂದ್ರೆ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಮೂರನೇ ಎರಡು ಭಾಗ ಶಾಸಕರು ವಿಲೀನ ಅಂದ್ರೆ ಪಕ್ಷಾಂತರದ ತೊಂದ್ರೆ ಇಲ್ಲ, ಮೂರು ಜನರ ಪಕ್ಷದಲ್ಲಿ ಅದು ಬರೀ ಇಬ್ರು. 2019ರ ಮಾರ್ಚ್‌ನಲ್ಲಿ ಎಂಜಿಪಿಗೆ ಆಗಿದ್ದೂ ಅದೇ, ಇಬ್ರು ಬಿಜೆಪಿಗೆ ಹೋದ್ರು. ಜುಲೈನಲ್ಲಿ ಕಾಂಗ್ರೆಸ್‌ನ 10 ಜನ ಬಂದು ಸೇರಿದ್ರು, ಗೋವಾ ಫಾರ್ವರ್ಡ್ ಮಂತ್ರಿಗಳನ್ನ ಕೈಬಿಟ್ರು. ಬೇಕಾದಾಗ ಕಂಡೀಷನ್ ಹಾಕಿದ್ದವ್ರು ಬೇಡವಾದಾಗ ಹೊರಗೆ.

ನಮ್ಮಲ್ಲಿ 2018ರಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಜೆಡಿಎಸ್ ಇಲ್ದೆ ಯಾರಿಗೂ ಆಗಲ್ಲ, ಅದಕ್ಕೇ ಕಾಂಗ್ರೆಸ್ ಜೊತೆ ಸೇರಿ 37ರ ಪಕ್ಷಕ್ಕೆ ಸಿಎಂ ಸ್ಥಾನ ಸಿಕ್ತು. ಇಷ್ಟು ದೊಡ್ಡ ಪಕ್ಷಗಳಲ್ಲಿ ವಿಲೀನಕ್ಕೆ ಸಾಕಾಗೋಷ್ಟು ಜನ ಒಡೆಯೋದು ಕಷ್ಟ, ಸೋ ಈ ಎರಡು ಪಕ್ಷದ ಶಾಸಕರು ಒಬ್ಬೊಬ್ರೇ ರಾಜೀನಾಮೆ ಕೊಟ್ಟು ಸದನದ ಕಡೆ ತಲೆನೇ ಹಾಕ್ಲಿಲ್ಲ, 2019ರ ಜುಲೈನಲ್ಲಿ 99-105ಕ್ಕೆ ಸರ್ಕಾರ ಬಿತ್ತು. 113 ಬೇಕು ಅಂತ ಬರ್ಕೊಂಡಿದ್ರಲ್ಲ, ವೋಟಿಂಗ್ ದಿನ ಅದು ಲೆಕ್ಕಕ್ಕೇ ಬರಲ್ಲ, ಹಾಜರಿದ್ದು ವೋಟ್ ಹಾಕಿದವ್ರಲ್ಲಿ ಯಾರು ಜಾಸ್ತಿ ಅಷ್ಟೇ. ಒಬ್ಬ ರಾಜೀನಾಮೆ ಕೊಟ್ಟಾಗ್ಲೆಲ್ಲ ಆ ಪೇಪರ್ ತೆಗೆದು ತಿದ್ದಿ.