ಹೆಸರುಹಿಟ್ಟಿಗೆ ಜರಡಿ ಸಾಲದು, ಧೋತರ ಬೇಕು

ಮೈ ಕೆರೆತ, ಉರಿ ಅಂತ ಬಂದು ನನ್ನ ಮುಂದೆ ಕೂರುವ ಹುಡುಗಿಯರು ಈಗೀಗ ಜಾಸ್ತಿ. ವಿಚಾರಿಸಿದರೆ ಬಚ್ಚಲಮನೆಯಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆ. ವಿಡಿಯೋ ನೋಡಿ ಮನೆಯಲ್ಲೇ ಮಾಡಿದ ಸ್ನಾನದ ಪುಡಿ. ಕಡ್ಲೆಹಿಟ್ಟು, ಕಿತ್ತಳೆ ಸಿಪ್ಪೆ, ಬೇವು, ಅರಿಶಿನ, ಸಾಲದ್ದಕ್ಕೆ ಅಡುಗೆ ಸೋಡಾ. ಕಲಸುವಾಗ ನಿಂಬೆರಸ, ಘಮಕ್ಕೆ ಒಂದೆರಡು ಹನಿ ಸುಗಂಧದ ಎಣ್ಣೆ. ಸೂಕ್ಷ್ಮ ಚರ್ಮದವರಿಗೆ ಇಷ್ಟೆಲ್ಲ ಯಾಕೆ ಬೇಕು? ಯಾವುದರಿಂದ ಉರಿ ಎದ್ದಿತು ಅಂತ ಹುಡುಕುವುದಾದರೂ ಹೇಗೆ? ನಿಂಬೆರಸ ಮೈಯಲ್ಲಿ ಉಳಿದು ನಮ್ಮ ದಾವಣಗೆರೆ ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಕಲೆ ಏಳುತ್ತದೆ. ಅಂಗಡಿ ಅರಿಶಿನದಲ್ಲಿ ಏನು ಬಣ್ಣ ಬೆರೆಸಿದ್ದಾರೋ ದೇವರೇ ಬಲ್ಲ. ನೈಸರ್ಗಿಕ ಅಂದ ಮಾತ್ರಕ್ಕೆ ಮೈಗೆ ಒಗ್ಗುತ್ತದೆ ಅಂತ ಯಾರು ಹೇಳಿದರು? ತುರಿಕೆ ಸೊಪ್ಪೂ ನೈಸರ್ಗಿಕವೇ, ಅಲ್ವಾ?

ನಾನು ಹಾಕುವುದು ಎರಡೇ. ಒಂದು ಸಿಪ್ಪೆ ತೆಗೆದ ಹೆಸರುಬೇಳೆ. ಇನ್ನೊಂದು ಸೊಸೆ ಹಠ ಹಿಡಿದು ಸೇರಿಸಿದ ಒಂದು ಹಿಡಿ ಓಟ್ಸ್. ಮಸಾಲೆ ಓಟ್ಸ್ ಅಲ್ಲ ಮತ್ತೆ, ಸಪ್ಪೆಯದು. ನುಣ್ಣಗೆ ಪುಡಿ ಮಾಡಿ ನೀರಿಗೆ ಹಾಕಿದರೆ ಅದು ತೆಳ್ಳಗೆ ಲೋಳೆ ಬಿಡುತ್ತದೆ, ಒಣಗಿದ ಮೈಗೆ ತಂಪು. ತುರಿಕೆಗೆ ಚರ್ಮದ ಡಾಕ್ಟರುಗಳೂ ಇದನ್ನು ಹೇಳುತ್ತಾರಂತೆ. ಇರಲಿ ಅಂತ ಬಿಟ್ಟಿದ್ದೇನೆ. ಅಕ್ಕಿಹಿಟ್ಟು ಬೇಡ, ಅದು ತರಿ ತರಿ. ಸೀಗೆಪುಡಿ ತಲೆಗೆ ಸಾಕು, ಮೈಗೆ ಬೇಡ. ಅಂಟುವಾಳ ಕಣ್ಣಿಗೆ ಹೋದರೆ ಜೀವ ಹೋಗುತ್ತದೆ. ಅದನ್ನು ರೇಷ್ಮೆ ಸೀರೆ ಒಗೆಯುವುದಕ್ಕೆ ಎತ್ತಿಡಿ. ರೇಷ್ಮೆಗೆ ಸಾಬೂನಿನ ಪುಡಿ ಹಾಕಿ ಹೊಳಪು ಕಳೆಯುವವರನ್ನು ಕಂಡರೆ ನನಗೆ ಬೇರೆಯದೇ ಸಿಟ್ಟು. ಅದು ಇನ್ನೊಮ್ಮೆ.

ಬೇಳೆಯನ್ನು ತೊಳೆದು ಮಾಳಿಗೆ ಮೇಲೆ ಬಟ್ಟೆ ಹಾಸಿ ಒಣಗಿಸಿ. ಹಲ್ಲಿಗೆ ಇಟ್ಟರೆ ಕಟುಕ್ ಅನ್ನಬೇಕು. ಹುರಿಯಬೇಡಿ, ಇದೇನು ಉಂಡೆ ಕಟ್ಟುವುದಕ್ಕಲ್ಲ. ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಜಾರ್‌ನಲ್ಲಿ ನಿನ್ನೆ ಖಾರದ ಪುಡಿ ಮಾಡಿದ್ದಿರಾ? ಹಾಗಾದರೆ ಮೊದಲು ಅದನ್ನು ತೊಳೆದು ಒಣಗಿಸಿ. ಗಿರಣಿಗೆ ಕೊಡುವವರು ಇನ್ನೂ ಹುಷಾರಾಗಿರಬೇಕು. ನಿಮಗಿಂತ ಮುಂಚೆ ಬಂದವರು ಏನು ಬೀಸಿಸಿದರು ಅಂತ ಕೇಳಿ. ಜೋಳವಾದರೆ ಚಿಂತೆ ಇಲ್ಲ. ಒಣಮೆಣಸಿನಕಾಯಿ ಆಗಿದ್ದರೆ ವಾಪಸ್ ಬನ್ನಿ. ಬಾಣಂತಿಗೆ ಅಂತ ಬೀಸಿಸಿದ ಹಿಟ್ಟಿನಲ್ಲಿ ಖಾರ ಬೆರೆತು ಆ ಹುಡುಗಿ ಬಚ್ಚಲಮನೆಯಿಂದ ಕೂಗುತ್ತಾ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ಜರಡಿ. ಎಲ್ಲರೂ ಕೆಡಿಸುವುದು ಇಲ್ಲೇ. ಚಪಾತಿ ಹಿಟ್ಟಿನ ಜರಡಿಯಲ್ಲಿ ಒಂದು ಸಲ ಆಡಿಸಿ ಡಬ್ಬಿಗೆ ತುಂಬುತ್ತಾರೆ. ಅದರಲ್ಲಿ ಕಣ್ಣಿಗೆ ಕಾಣದ ತರಿ ಉಳಿದಿರುತ್ತದೆ. ಗಟ್ಟಿ ಚರ್ಮದವರಿಗೆ ಅದು ಏನೂ ಅಲ್ಲ. ಸೂಕ್ಷ್ಮ ಮೈಗೆ ಪ್ರತಿ ತರಿಯೂ ಒಂದೊಂದು ಗೀರು ಎಳೆಯುತ್ತದೆ, ಆ ಗೀರಿನ ಮೇಲೆ ಬೆವರು ಬಿದ್ದರೆ ಉರಿಯದೆ ಇನ್ನೇನು?

ನಮ್ಮತ್ತೆ ಈ ಹಿಟ್ಟನ್ನು ಬಟ್ಟೆಯಲ್ಲೇ ಸೋಸುತ್ತಿದ್ದರು. ಆಗ ಊರಲ್ಲೇ ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲ. ಮನೆಯಲ್ಲಿ ಹತ್ತಿ ಬಟ್ಟೆಗೆ ಬರವಿರಲಿಲ್ಲ, ಆದರೂ ಅವರಿಗೆ ಹೊಸ ಬಟ್ಟೆ ಆಗುತ್ತಿರಲಿಲ್ಲ. ಮಾವನವರ ಧೋತರ ಉಟ್ಟು ಉಟ್ಟು ಸವೆದು, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತೆಳ್ಳಗಾಗಬೇಕು, ಅಲ್ಲಿಯವರೆಗೆ ಕಾಯುತ್ತಿದ್ದರು. ನೀವೂ ಅಂಥದ್ದೇ ಹುಡುಕಿ. ಗಂಜಿ ಹಾಕಿದ್ದು, ನೀಲಿ ಹಾಕಿದ್ದು ಬೇಡ. ಪಾಲಿಸ್ಟರ್ ಬೆರೆತದ್ದಂತೂ ಬೇಡವೇ ಬೇಡ, ಹಿಟ್ಟು ಅದಕ್ಕೆ ಅಂಟಿ ಕೂರುತ್ತದೆ. ಸಾಬೂನಿಲ್ಲದೆ ಬಿಸಿನೀರಿನಲ್ಲಿ ಅಲುಬಿ, ಬಿಸಿಲಿಗೆ ಹಾಕಿ, ಗರಿಗರಿ ಒಣಗಿದ ಮೇಲೆ ತನ್ನಿ.

ಅಗಲ ಬಾಯಿಯ ಪಾತ್ರೆಗೆ ಆ ಬಟ್ಟೆ ಕಟ್ಟಿ. ಬಿಗಿಯಾಗಿ ಅಲ್ಲ, ನಡುವೆ ಅಂಗೈಯಷ್ಟು ತಗ್ಗು ಬಿಡಿ. ತಗ್ಗಿಗೆ ಒಂದು ಹಿಡಿ ಹಿಟ್ಟು. ಈಗ ಬೆರಳಿನ ತುದಿಯಿಂದ ಸುತ್ತ ಸುತ್ತ ಆಡಿಸಿ. ಒತ್ತಬೇಡಿ ತಾಯಿ, ಒತ್ತಬೇಡಿ. ಒತ್ತಿದರೆ ತರಿಯೂ ಎಳೆಯ ಸಂದಿಯಿಂದ ಇಳಿಯುತ್ತದೆ, ಇಷ್ಟು ಹೊತ್ತು ಮಾಡಿದ್ದು ದಂಡ. ಆಗಾಗ ಪಾತ್ರೆಯ ಅಂಚನ್ನು ತಟ್ಟಿ. ಫ್ಯಾನ್ ಆರಿಸಿ, ಇಲ್ಲದಿದ್ದರೆ ಹಿಟ್ಟು ಪಾತ್ರೆಗಿಂತ ನಿಮ್ಮ ಮೂಗಿಗೇ ಜಾಸ್ತಿ ಹೋಗುತ್ತದೆ. ಬೇಗ ಆಗುವ ಕೆಲಸ ಅಲ್ಲ. ಧಾರಾವಾಹಿ ನೋಡುತ್ತಾ ಮಾಡುವವರೂ ಇದ್ದಾರೆ, ಅವರ ಹಿಟ್ಟನ್ನು ನಾನು ಮುಟ್ಟುವುದಿಲ್ಲ. ಒಂದು ಸಲ ಸೋಸಿದ್ದನ್ನು ಬಟ್ಟೆ ಕೊಡವಿ ಮತ್ತೊಂದು ಸಲ ಸೋಸಿ. ಆಮೇಲೆ ಚಿಟಿಕೆ ತೆಗೆದು ಮುಂಗೈ ಒಳಮಗ್ಗುಲಿಗೆ ಒಣಗಿದ್ದೇ ಸವರಿ. ಏನೂ ತಗುಲಿದ ಹಾಗೆ ಅನ್ನಿಸಬಾರದು. ಒಂದು ಕಣ ಚುರ್ ಅಂದರೂ ಮತ್ತೆ ಬಟ್ಟೆಗೆ. ಮೇಲೆ ಉಳಿದ ತರಿಯನ್ನು ಎಸೆಯಬೇಡಿ, ಹುಣಸೆಹಣ್ಣಿನ ಜೊತೆ ಹಿತ್ತಾಳೆ ತಂಬಿಗೆ ಉಜ್ಜುವುದಕ್ಕೆ ಬರುತ್ತದೆ.

ಗಾಜಿನ ಬಾಟಲಿಗೆ ತುಂಬಿ ಅಡುಗೆಮನೆಯಲ್ಲಿಡಿ, ಬಚ್ಚಲಿನಲ್ಲಿ ಬೇಡ. ಒದ್ದೆ ಕೈ ಹಾಕಿದರೆ ಹುಳ, ಬೂಸ್ಟು ಎರಡೂ ಬರುತ್ತವೆ. ಕಲಸಿ ಪಂಪ್ ಬಾಟಲಿಗೆ ತುಂಬಿಡುವ ಹೊಸ ಶೋಕಿ ಬೇರೆ ಶುರುವಾಗಿದೆ. ನೀರು ಬೆರೆತ ಹಿಟ್ಟು ನಾಳೆಗೇ ಹುಳಿ ನಾರುತ್ತದೆ. ಕಂಪನಿಯವರು ಕೆಡದ ಹಾಗೆ ಏನೋ ಹಾಕಿರುತ್ತಾರೆ, ನೀವು ಏನು ಹಾಕಿದ್ದೀರಿ? ಆ ಹೊತ್ತಿಗೆ ಬೇಕಾದಷ್ಟೇ ಕಲಸಿ, ಬೆಣ್ಣೆದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ.

ಹೊಸದಾಗಿ ಹಚ್ಚುವವರು ಮೊದಲು ಮೊಣಕೈ ಮಡಿಕೆಯಲ್ಲಿ ಸ್ವಲ್ಪ ಹಚ್ಚಿ ತೊಳೆದು ಒಂದೆರಡು ದಿನ ನೋಡಿ. ಕೆಲವರಿಗೆ ಬೇಳೆಯೇ ಆಗುವುದಿಲ್ಲ. ಬಿರಿದ, ನೀರು ಒಸರುವ ಚರ್ಮಕ್ಕೆ ಯಾವ ಹಿಟ್ಟನ್ನೂ ತಾಗಿಸಬೇಡಿ, ಡಾಕ್ಟರ ಹತ್ತಿರ ಹೋಗಿ. ಮೈಯಲ್ಲಿ ಕಜ್ಜಿ ಎದ್ದ ಕೂಸಿಗೂ ಅಷ್ಟೇ. ಅಜ್ಜಿ ಹೇಳಿದಳು ಅಂತ ನನ್ನ ಹೆಸರು ಹಾಕಬೇಡಿ.

ಸಾಬೂನು ಬಿಡಲಾರೆ ಅನ್ನುವವರಿಗೆ ಒಂದು ಮಾತು. ಫಾರ್ಮಸಿ ಓದುವ ಮೊಮ್ಮಗಳು ಹೇಳುವ ಪ್ರಕಾರ ನಮ್ಮ ಚರ್ಮದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5ರ ಆಸುಪಾಸು, ಸಾಬೂನಿನದು 9ರಿಂದ 10. ಒಣಚರ್ಮ ಬಿಗಿಯುವುದು ಅದಕ್ಕೇ. ಬೋರ್ ನೀರಿನಲ್ಲಿ ಸುಣ್ಣದಂಶ ಬೇರೆ ಇರುತ್ತದೆ, ಸಾಬೂನು ಅದಕ್ಕೆ ಸೇರಿ ಮೈಮೇಲೆ ಬೆಳ್ಳಗೆ ಜಿಗುಟಾಗಿ ಕೂರುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುವ ಕೊಳೆಯಲ್ಲಿ ಅದೂ ಇರುತ್ತದೆ. ಹೆಸರುಹಿಟ್ಟಿಗೆ ಆ ರಗಳೆ ಇಲ್ಲ. ಹೊದಿಕೆ ಮೇಲೆ ಟಿಎಫ್ಎಂ (ಸಾಬೂನಿನ ಒಟ್ಟು ಕೊಬ್ಬಿನಂಶ) ನೂರಕ್ಕೆ 76 ಅಂತ ನೋಡಿ ಕೊಂಡರೂ ಉರಿಯುವುದಿಲ್ಲ ಅಂತ ಗ್ಯಾರಂಟಿ ಇಲ್ಲ. ಘಮ ಇಲ್ಲದ್ದನ್ನೇ ಆರಿಸಿ, ಕಂಕುಳು, ಕಾಲಿಗೆ ಮಾತ್ರ ಹಚ್ಚಿ.

ನೀರು ಉಗುರುಬೆಚ್ಚಗಿರಲಿ. ಗೀಸರ್ ಇದೆ ಅಂತ ಮೈ ಕೆಂಪಾಗುವ ತನಕ ಸುರಿದುಕೊಂಡು, ಆಮೇಲೆ ನನ್ನ ಹತ್ತಿರ ತುರಿಕೆ ಅಂತ ಬರಬೇಡಿ. ಹಿಟ್ಟನ್ನು ಉಜ್ಜಬೇಡಿ, ಸವರಿ ತೊಳೆಯಿರಿ. ಟವೆಲಿನಲ್ಲಿ ಒತ್ತಿ ಒರೆಸಿ, ಮೈ ಪಸೆ ಇರುವಾಗಲೇ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ಬಚ್ಚಲು ಬಿಡುವ ಮುಂಚೆ ಮೋರಿಗೆ ಎರಡು ತಂಬಿಗೆ ನೀರು ಸುರಿಯಿರಿ. ಹಿಟ್ಟು ಕಟ್ಟಿದರೆ ಬಿಡಿಸುವುದಕ್ಕೆ ಬರುವವನು ಸಾಬೂನಿನ ದುಡ್ಡಿಗಿಂತ ಜಾಸ್ತಿ ಕೇಳುತ್ತಾನೆ.