ಕೆನ್ನೆಯ ಒಳಪದರ ನೋಡುವುದು ಹೇಗೆ?

ಶಿರಸಿಯಲ್ಲಿ ಮಳೆ ಹಿಡಿಯಿತೆಂದರೆ ಮಕ್ಕಳು ಮನೆ ಬಿಟ್ಟು ಹೊರಡುವ ಹಾಗಿಲ್ಲ. ಶಾಲೆಯ ಮೈಕ್ರೋಸ್ಕೋಪ್ ಒಂದು ದಿನಕ್ಕೆ ಕೇಳಿ ತನ್ನಿ. ಸ್ಲೈಡ್ ಎಂಬ ಗಾಜಿನ ಪಟ್ಟಿ, ಅದರ ಮೇಲೆ ಮುಚ್ಚುವ ತೆಳು ಗಾಜು ಕವರ್ ಸ್ಲಿಪ್, ಹತ್ತಿಕಡ್ಡಿ, ಮೆಥಿಲೀನ್ ಬ್ಲೂ ಇದ್ದರೆ ಸಾಕು. ಈ ನೀಲಿ ಬಣ್ಣ ಅಕ್ವೇರಿಯಂ ಅಂಗಡಿಯಲ್ಲೂ ಸಿಗುತ್ತದೆ, ಮೀನಿಗೆ ಬೂಷ್ಟು ಹಿಡಿದರೆ ಹಾಕುವುದು ಇದನ್ನೇ. ಹಳೇ ಅಂಗಿ ಹಾಕಿಕೊಳ್ಳಿ, ಕಲೆ ಸುಲಭಕ್ಕೆ ಹೋಗುವುದಿಲ್ಲ.

ಮೊದಲು ಬಾಯಿ ಮುಕ್ಕಳಿಸಿ. ಕವಳ ಹಾಕುವವರು ನಾಲ್ಕು ಸಲ ಮುಕ್ಕಳಿಸಬೇಕು, ಇಲ್ಲದಿದ್ದರೆ ಅಡಿಕೆ ಚೂರೇ ಕಾಣುತ್ತದೆ. ಸ್ಲೈಡ್ ಮೇಲೆ ಒಂದು ಹನಿ ಉಪ್ಪುನೀರು ಹಾಕಿ. ಲೀಟರಿಗೆ 9 ಗ್ರಾಂ ಉಪ್ಪು, ಅದೇ ಲೆಕ್ಕ. ಸಪ್ಪೆ ನೀರಾದರೆ ಜೀವಕೋಶ ನೀರು ಹೀರಿ ಉಬ್ಬುತ್ತದೆ. ಹತ್ತಿಕಡ್ಡಿಯಿಂದ ಕೆನ್ನೆಯ ಒಳಬದಿ ಮೆತ್ತಗೆ ಸವರಿ, ಆ ಹನಿಯಲ್ಲಿ ಹೊರಳಿಸಿ. ಒಂದು ತೊಟ್ಟು ನೀಲಿ ಬಿಟ್ಟು ಎರಡು ನಿಮಿಷ ಕಾಯಿರಿ.

ಕವರ್ ಸ್ಲಿಪ್ಪನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ಇಳಿಸಿ. ನಾನು ಮೊದಲ ಸಲ ದಪ್ಪಂತ ಬಿಟ್ಟಿದ್ದೆ. ಕಪ್ಪು ಅಂಚಿನ ದುಂಡನೆಯ ಆಕಾರ ಕಂಡು ಮನೆಯವರನ್ನೆಲ್ಲ ಕರೆದೆ. ಅದು ಬರೀ ಗಾಳಿಗುಳ್ಳೆ!

10 ಎಕ್ಸ್ ಲೆನ್ಸಿನಲ್ಲಿ ಹುಡುಕಿ, ಆಮೇಲೆ 40ಕ್ಕೆ ಹೋಗಿ. ಅಂಚು ಮಡಚಿದ ಹಲಸಿನ ಹಪ್ಪಳದಂಥ ತೆಳು ಚೂರುಗಳು, ಒಂದೊಂದರ ನಡುವೆ ಕಡುನೀಲಿ ಚುಕ್ಕೆ. ಒಂದೊಂದು ಚೂರೂ ಒಂದು ಜೀವಕೋಶ, ಆ ಚುಕ್ಕೆಯೇ ಕೋಶಕೇಂದ್ರ. ಈ ಕೋಶಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿಗೆ ಸುಮಾರು 15ರಿಂದ 20 ಕೂರುತ್ತವೆ.

ಕೆರೆದರೆ ಗಾಯ ಆಗಲ್ವಾ? ಆಗುವುದಿಲ್ಲ. ಕೆನ್ನೆಯಲ್ಲಿ ಇಂಥ ಹಪ್ಪಳ ಹಲವು ಅಟ್ಟಿ ಇವೆ. ಮೇಲಿನದು ತಾನಾಗಿ ಉದುರುತ್ತಲೇ ಇರುತ್ತದೆ, ಕೆಳಗಿನಿಂದ ಹೊಸದು ಬರುತ್ತದೆ.

ರಕ್ತನಾಳದ ಕಥೆ ಬೇರೆ. ಅದರ ಒಳಗೋಡೆಗೆ ಇರುವುದು ಒಂದೇ ಅಟ್ಟಿ, ಹೆಸರು ಎಂಡೋಥೀಲಿಯಂ. ಅದನ್ನು ಬಹಳ ಕಾಲ ಸುಮ್ನೆ ಅಸ್ತರಿ ಬಟ್ಟೆ ಅಂದುಕೊಂಡಿದ್ದರು. 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಂಡುಗಳಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿ ನೋಡಿದರು. ಒಳಪದರ ಇದ್ದ ತುಂಡು ಸಡಿಲವಾಯಿತು. ಉಜ್ಜಿ ಪದರ ತೆಗೆದ ತುಂಡು ಸಡಿಲವಾಗಲೇ ಇಲ್ಲ. ನಾಳ ಹಿಗ್ಗಲು ಸಂದೇಶ ಕೊಡುವುದು ಆ ಪದರವೇ! ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಆಮೇಲೆ ತಿಳಿಯಿತು, 1998ರ ವೈದ್ಯಕೀಯ ನೊಬೆಲ್ ಇನ್ನಿಬ್ಬರ ಜೊತೆ ಅವರಿಗೂ ಬಂತು.

ಒಬ್ಬರ ಹತ್ತಿಕಡ್ಡಿ ಇನ್ನೊಬ್ಬರಿಗೆ ಬೇಡ. ಸ್ಲೈಡನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ ತೊಳೆಯಿರಿ. ಲೆನ್ಸ್ ಒರೆಸಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟೇ ವಾಪಸ್ ಕೊಡಿ. ನಮ್ಮ ಮಳೆಗಾಲದಲ್ಲಿ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ.